ಫ್ಯೂಚರ್ಸ್ ಆಡೋರಿಗೆ ಲೈವ್ ಡೇಟಾ ಫೀಡ್: ಎರಡನ್ನ ಪಕ್ಕಪಕ್ಕ ಇಟ್ಟು ಪರೀಕ್ಷೆ ಮಾಡೋದು ಹೇಗೆ

ಹೋದ ವಾರ ದಾವಣಗೆರೆಯಿಂದ ನಮ್ಮ ಅತ್ತೆ ಮಗ ಫೋನ್ ಮಾಡಿದ್ದ. "ಭಾವ, ನನ್ನ ಸ್ಟಾಪ್‌ಲಾಸ್ ಹೊಡೆದು ಹಾಕಿದಾರೆ, ಆದ್ರೆ ಚಾರ್ಟಲ್ಲಿ ನೋಡಿದ್ರೆ ಆ ರೇಟೇ ಬಂದಿಲ್ಲ, ಬ್ರೋಕರ್ ಮೋಸ ಮಾಡ್ತಿದಾನೆ" ಅಂತ ಅರ್ಧ ಗಂಟೆ ಕೂಗಾಡಿದ. ನಿಫ್ಟಿ ಫ್ಯೂಚರ್ಸಲ್ಲಿ (ಮುಂದಿನ ತಾರೀಖಿನ ವಾಯಿದೆ ವ್ಯಾಪಾರ) ಒಂದು ಲಾಟ್ (ಒಟ್ಟಿಗೇ ಕೊಳ್ಳಬೇಕಾದ ಕನಿಷ್ಠ ಗಂಟು), 1 ನಿಮಿಷದ ಕ್ಯಾಂಡಲ್ (ಆ ನಿಮಿಷದ ಮೊದಲ, ಕೊನೇ, ಅತಿ ಹೆಚ್ಚು, ಅತಿ ಕಮ್ಮಿ ರೇಟು ತೋರಿಸೋ ಗುರುತು) ನೋಡಿ ಆಡ್ತಾನೆ. ಬ್ರೋಕರ್ ಏನೂ ಮಾಡಿಲ್ಲ ಮಾರಾಯ ಅಂತ ಅವನಿಗೆ ಒಪ್ಪಿಸೋಕೆ ಇನ್ನರ್ಧ ಗಂಟೆ ಆಯ್ತು. ಸ್ಟಾಪ್‌ಲಾಸ್ ಆರ್ಡರ್, ಅಂದ್ರೆ ಇಂಥ ರೇಟು ಮುಟ್ಟಿದ್ರೆ ನಷ್ಟ ಅಲ್ಲಿಗೇ ನಿಲ್ಲಿಸು ಅಂತ ಮೊದಲೇ ಹಾಕಿಟ್ಟ ಆರ್ಡರ್, ಕೂತಿರೋದು ಎಕ್ಸ್‌ಚೇಂಜ್ ಕಂಪ್ಯೂಟರಲ್ಲಿ, ಅಲ್ಲಿ ಪ್ರತಿಯೊಂದು ಟ್ರೇಡೂ ಅದರ ಕಣ್ಣಿಗೆ ಬೀಳುತ್ತೆ, ನಿನ್ನ ಚಾರ್ಟಿಗೆ ಬರೋದು ಅದರಲ್ಲಿ ಆರಿಸಿ ಕಳಿಸಿದ ಒಂದಷ್ಟು ಮಾತ್ರ. ಆಮೇಲೆ ಅವನು ಕೇಳಿದ್ದು ಎಲ್ರೂ ಕೇಳೋ ಪ್ರಶ್ನೆನೇ, "ಹಂಗಾದ್ರೆ ಎಲ್ಲಕ್ಕಿಂತ ಫಾಸ್ಟ್ ಫೀಡ್ ಯಾವ್ದು ಭಾವ?" ಫೀಡ್ ಅಂದ್ರೆ ಎಕ್ಸ್‌ಚೇಂಜಿಂದ ನಮ್ಮ ಸ್ಕ್ರೀನಿಗೆ ಹರಿದು ಬರೋ ರೇಟುಗಳು. ಪ್ರಶ್ನೆನೇ ಸ್ವಲ್ಪ ಅಡ್ಡದಾರಿ ಹಿಡಿದಿದೆ, ಅದಕ್ಕೇ ಅವನಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬಿಡಿಸಿ ಬರೀತಿದೀನಿ.

ಮೊದಲು ನಮಗೆ ಬರ್ತಿರೋದು ಏನು ಅಂತ ತಿಳ್ಕೊಳ್ಳಿ. ಎನ್‌ಎಸ್‌ಇ ಡೇಟಾ ಮಾರೋದು ಅದರದೇ ಇನ್ನೊಂದು ಕಂಪನಿ ಮೂಲಕ, ಎನ್‌ಎಸ್‌ಇ ಡೇಟಾ ಅಂಡ್ ಅನಲಿಟಿಕ್ಸ್ ಅಂತ, ಹಿಂದೆ ಡಾಟ್‌ಎಕ್ಸ್ ಅಂತಿತ್ತು ಹೆಸರು. ಅದರಲ್ಲಿ ಲೆವೆಲ್ ಇವೆ. ಲೆವೆಲ್ 1 ಅಂದ್ರೆ ಕೊನೇ ರೇಟು ಮತ್ತು ಒಂದೇ ಒಂದು ಬೆಸ್ಟ್ ಬಿಡ್-ಆಸ್ಕ್ (ಕೊಳ್ಳೋರು ಕೇಳ್ತಿರೋ ಅತಿ ಹೆಚ್ಚು ರೇಟು, ಮಾರೋರು ಹೇಳ್ತಿರೋ ಅತಿ ಕಮ್ಮಿ ರೇಟು), ಲೆವೆಲ್ 2 ಅಂದ್ರೆ 5 ಸಾಲಿನ ಡೆಪ್ತ್ (ಅಂಥ ಬಿಡ್-ಆಸ್ಕ್ ಐದೈದು), ಲೆವೆಲ್ 3 ಅಂದ್ರೆ 20 ಸಾಲು, ಅದರ ಮೇಲೆ ಟಿಕ್-ಬೈ-ಟಿಕ್, ಅಂದ್ರೆ ಪ್ರತಿ ಆರ್ಡರು ಪ್ರತಿ ಟ್ರೇಡು ಒಂದೂ ಬಿಡದೆ. ಈ ಕೊನೇದು ಎಕ್ಸ್‌ಚೇಂಜ್ ಕಟ್ಟಡದೊಳಗೇ ಸರ್ವರ್ ಇಟ್ಕೊಂಡಿರೋ ದೊಡ್ಡೋರ ಆಟ. ಮನೆ ಬ್ರಾಡ್‌ಬ್ಯಾಂಡ್ ಮೇಲೆ 1 ನಿಮಿಷದ ಕ್ಯಾಂಡಲ್ ನೋಡೋರಿಗೆ ಬರೋದು ಸಾಮಾನ್ಯವಾಗಿ ಸ್ನ್ಯಾಪ್‌ಶಾಟ್, ಸೆಕೆಂಡಿಗೆ ಒಂದೋ ಎರಡೋ ಮೂರೋ ಸಲ ಫೋಟೋ ತೆಗೆದ ಹಂಗೆ ಆ ಕ್ಷಣದ ಸ್ಥಿತಿ ಹಿಡಿದು ಕಳಿಸ್ತಾರೆ. ಬ್ರೋಕರ್ ಆ್ಯಪಲ್ಲಿ ರೇಟು ಪಟಪಟ ಮಿನುಗೋದು ನೋಡಿ ಎಲ್ಲಾ ಟ್ರೇಡೂ ಬರ್ತಿದೆ ಅನ್ಕೋಬೇಡಿ. ಜಾಹೀರಾತಲ್ಲಿ "ಟಿಕ್ ಡೇಟಾ" ಅಂತ ಬರೆದಿದ್ರೂ ಬಹಳ ಕಡೆ ಟಿಕ್ ಅಂದ್ರೆ ಒಂದು ಸ್ನ್ಯಾಪ್‌ಶಾಟ್ ಅಂತಷ್ಟೇ ಅರ್ಥ. ಟ್ರೇಡ್ ಅಂತ ಅಲ್ಲ.

ಇದನ್ನ ನೀವೇ ಕಣ್ಣಾರೆ ನೋಡಬಹುದು, ಒಂದು ಪೈಸೆ ಖರ್ಚಿಲ್ಲ. ಪ್ರತಿ ಸ್ನ್ಯಾಪ್‌ಶಾಟಲ್ಲೂ ಕೊನೇ ರೇಟಿನ ಜೊತೆ ದಿನದ ಹೈ ಮತ್ತು ಲೋ ಕೂಡ ಬರುತ್ತೆ, ಅವು ಎಕ್ಸ್‌ಚೇಂಜ್ ಲೆಕ್ಕ ಹಾಕಿ ಕಳಿಸಿದ್ದು, ಅದರಲ್ಲಿ ಯಾವ ಟ್ರೇಡೂ ತಪ್ಪಿರಲ್ಲ. ಆದ್ರೆ 1 ನಿಮಿಷದ ಕ್ಯಾಂಡಲ್ ಕಟ್ಟೋದು ನಿಮ್ಮ ಸಾಫ್ಟ್‌ವೇರ್ ಅಥವಾ ಫೀಡ್ ಕೊಡೋನ ಸರ್ವರ್, ತನ್ನ ಕೈಗೆ ಸಿಕ್ಕ ಕೊನೇ ರೇಟುಗಳಿಂದ. ಹಂಗಾಗಿ ಸಂಜೆ ಕೂತು, ದಿನದ ಎಲ್ಲಾ 1 ನಿಮಿಷದ ಕ್ಯಾಂಡಲ್‌ಗಳಲ್ಲಿ ಅತಿ ಎತ್ತರದ ಹೈ ಎಷ್ಟು ನೋಡಿ, ಕೋಟ್ ವಿಂಡೋದಲ್ಲಿರೋ ಡೇ ಹೈ ಎಷ್ಟು ನೋಡಿ. ಎರಡೂ ಒಂದೇ ಇದ್ರೆ ಆ ದಿನ ಆ ತುದಿ ಟ್ರೇಡು ಸಿಕ್ಕಿದೆ. ಎರಡು ಮೂರು ಪಾಯಿಂಟ್ ಕಮ್ಮಿ ಇದ್ರೆ ಆ ರೇಟು ಎರಡು ಫೋಟೋ ಮಧ್ಯೆ ಬಂದು ಹೋಗಿದೆ. ಹತ್ತು ದಿನ ಇದನ್ನೇ ಒಂದು ನೋಟ್‌ಬುಕ್‌ನಲ್ಲಿ ಬರ್ಕೊಳ್ಳಿ, ನಿಮ್ಮ ಫೀಡ್ ಎಷ್ಟು ತಪ್ಪಿಸಿಕೊಳ್ತಿದೆ ಅಂತ ತಾನೇ ಗೊತ್ತಾಗುತ್ತೆ. ಅತ್ತೆ ಮಗನ ಸ್ಟಾಪ್‌ಲಾಸ್ ಹೋಗಿದ್ದೂ ಹಿಂಗೇ, ಒಂದೂವರೆ ಪಾಯಿಂಟ್ ಕೆಳಗೆ, ಒಂದು ಕ್ಷಣಕ್ಕೆ.

ವಾಲ್ಯೂಮ್ ವಿಷಯ ಇದಕ್ಕಿಂತ ಮಜಾ ಇದೆ. ಪ್ಯಾಕೆಟಲ್ಲಿ ಎರಡು ಸಂಖ್ಯೆ ಬರುತ್ತೆ, ಒಂದು ಕೊನೇ ಟ್ರೇಡಿನ ಕ್ವಾಂಟಿಟಿ, ಇನ್ನೊಂದು ಬೆಳಗ್ಗೆಯಿಂದ ಆದ ಒಟ್ಟು ವಾಲ್ಯೂಮ್. ಕ್ರೂಡ್ (ಕಚ್ಚಾ ತೈಲ) ಫ್ಯೂಚರ್ಸಿನ ಒಂದು ಉದಾಹರಣೆ ತಗೊಳ್ಳಿ, ಒಂದು ಫೋಟೋದಲ್ಲಿ ಒಟ್ಟು 12,400 ಲಾಟ್ ಅಂತಿದೆ, ಮುಂದಿನ ಫೋಟೋದಲ್ಲಿ 12,437 ಅಂತಿದೆ, ಕೊನೇ ಟ್ರೇಡ್ ಕ್ವಾಂಟಿಟಿ ಮಾತ್ರ 1 ಅಂತಿದೆ. ಅಂದ್ರೆ ಮಧ್ಯೆ 37 ಲಾಟ್ ಕೈ ಬದಲಾಯಿಸಿವೆ, ನಿಮಗೆ ಕಂಡಿದ್ದು ಒಂದು. ಸ್ವಂತ ಕೋಡ್ ಬರೆಯೋ ಹುಡುಗರು ಕೊನೇ ಕ್ವಾಂಟಿಟಿನ ಕೂಡಿಸ್ತಾ ಹೋಗಿ ವಾಲ್ಯೂಮ್ ತಪ್ಪು ಬರ್ತಿದೆ ಅಂತ ತಲೆ ಕೆಡಿಸ್ಕೊಳ್ಳೋದು ಇಲ್ಲೇ, ಯಾವಾಗ್ಲೂ ಒಟ್ಟು ವಾಲ್ಯೂಮಿನ ವ್ಯತ್ಯಾಸ ತಗೋಬೇಕು. ಇನ್ನು ಫುಟ್‌ಪ್ರಿಂಟ್ ಚಾರ್ಟ್, ಡೆಲ್ಟಾ, ಆರ್ಡರ್ ಫ್ಲೋ ಅಂತ (ಕೊಂಡೋರ ಒತ್ತಡ ಎಷ್ಟು, ಮಾರೋರದ್ದು ಎಷ್ಟು ಅಂತ ಬಿಡಿಸಿ ತೋರಿಸೋ ಚಾರ್ಟುಗಳು) ದುಡ್ಡು ಸುರಿಯೋರು ಒಂದ್ಸಲ ಯೋಚನೆ ಮಾಡಿ, ಆ 37 ಲಾಟಲ್ಲಿ ಕೊಂಡೋರು ನುಗ್ಗಿದ್ದೆಷ್ಟು ಮಾರೋರು ನುಗ್ಗಿದ್ದೆಷ್ಟು ಅಂತ ಸ್ನ್ಯಾಪ್‌ಶಾಟ್ ಫೀಡಿಗೆ ಗೊತ್ತಿರಲ್ಲ, ಕೊನೇ ರೇಟು ಆಸ್ಕ್ ಮೇಲಿದ್ರೆ 37ನ್ನೂ ಬೈ ಕಡೆಗೆ ಹಾಕಿ ಬಿಡುತ್ತೆ ಸಾಫ್ಟ್‌ವೇರ್. ಅದು ಅಂದಾಜು. ಅಂದಾಜು ಅಂತ ಗೊತ್ತಿದ್ದು ಬಳಸಿದ್ರೆ ನನ್ನ ತಕರಾರಿಲ್ಲ, ಅದನ್ನೇ ವೇದವಾಕ್ಯ ಅಂತ ನಂಬ್ಕೊಂಡು ಅದರ ಮೇಲೆ ಲಕ್ಷಗಟ್ಟಲೆ ಪೊಸಿಷನ್ ತಗೊಂಡ್ರೆ ಇದೆ.

ಸರಿ, ಈಗ ಆಯ್ಕೆ. ನೀವು 15 ನಿಮಿಷ, ಗಂಟೆ ಚಾರ್ಟ್ ನೋಡಿ ಎರಡು ಮೂರು ದಿನ ಇಟ್ಕೊಳ್ಳೋರಾದ್ರೆ ದಯವಿಟ್ಟು ಬೇರೆ ಫೀಡ್ ಕೊಳ್ಳಬೇಡಿ, ಬ್ರೋಕರ್ ಚಾರ್ಟೇ ಧಾರಾಳ ಸಾಕು, ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ. 1 ರಿಂದ 5 ನಿಮಿಷದಲ್ಲಿ ಆಡೋರು, ಆಮಿಬ್ರೋಕರ್ (ಚಾರ್ಟ್ ಸಾಫ್ಟ್‌ವೇರ್) ಅಥವಾ ಪೈಥಾನಲ್ಲಿ ಸ್ವಂತ ಸಿಸ್ಟಂ ಓಡಿಸೋರು, ಹತ್ತಾರು ಕಾಂಟ್ರ್ಯಾಕ್ಟ್ ಒಟ್ಟಿಗೆ ಸ್ಕ್ಯಾನ್ ಮಾಡೋರು, ಇವರಿಗೆ ಮಾತ್ರ ಈ ಹೋಲಿಕೆ ಕೆಲಸಕ್ಕೆ ಬರೋದು.

ದಾರಿ ಎರಡು. ಒಂದು ಬ್ರೋಕರ್ ಎಪಿಐ (ನಮ್ಮ ಪ್ರೋಗ್ರಾಂ ನೇರವಾಗಿ ಬ್ರೋಕರ್ ಸರ್ವರಿಂದ ಡೇಟಾ ತಗೊಳ್ಳೋ ದಾರಿ), ಇನ್ನೊಂದು ಎಕ್ಸ್‌ಚೇಂಜ್ ಒಪ್ಪಿಗೆ ಇರೋ ಡೇಟಾ ವೆಂಡರ್, ಅಂದ್ರೆ ಟ್ರೂಡೇಟಾ, ಗ್ಲೋಬಲ್ ಡೇಟಾಫೀಡ್ಸ್ ತರದವರು. ಎಪಿಐ ಅಗ್ಗ. ಜೆರೋಧಾದ ಕೈಟ್ ಕನೆಕ್ಟ್ ಮೊದಲು ತಿಂಗಳಿಗೆ 2000 ರೂಪಾಯಿ ಇತ್ತು, 2025ರಲ್ಲಿ 500ಕ್ಕೆ ಇಳಿಸಿದ್ರು, ಏಂಜಲ್ ಒನ್, ಫೈಯರ್ಸ್ ಇವರದ್ದು ಪುಕ್ಕಟೆ ಕೊಟ್ಟಿದಾರೆ, ಈ ರೇಟುಗಳು ಬದಲಾಗ್ತಾನೇ ಇರ್ತವೆ, ಕೊಳ್ಳೋ ದಿನ ಅವರ ಪುಟದಲ್ಲಿ ನೋಡ್ಕೊಳ್ಳಿ. ಎಪಿಐ ತಗೊಳೋವಾಗ ಕೇಳಬೇಕಾದ್ದು ಇದು: ಒಂದು ಕನೆಕ್ಷನ್ ಮೇಲೆ ಎಷ್ಟು ಸಿಂಬಲ್ (ಅಂದ್ರೆ ಎಷ್ಟು ಶೇರು, ಕಾಂಟ್ರ್ಯಾಕ್ಟು), ಡೆಪ್ತ್ ಎಷ್ಟು ಸಾಲು, ಎಕ್ಸ್‌ಚೇಂಜ್ ಟೈಮ್ ಬರುತ್ತಾ ಇಲ್ವಾ. ಕೈಟ್‌ನಲ್ಲಿ ಒಂದು ಕನೆಕ್ಷನ್‌ಗೆ 3000 ಸಿಂಬಲ್, ಅಂಥ ಕನೆಕ್ಷನ್ 3. ಮೋಡ್ ಕೂಡ ಮೂರು, ಬರೀ ರೇಟು ಬೇಕಾದ್ರೆ ಪ್ಯಾಕೆಟ್ 8 ಬೈಟ್, ವಾಲ್ಯೂಮ್ ಓಪನ್ ಹೈ ಲೋ ಸೇರಿ ಕೋಟ್ ಮೋಡ್ ಅಂದ್ರೆ 44, ಡೆಪ್ತ್, ಓಐ (ಓಪನ್ ಇಂಟರೆಸ್ಟ್, ಇನ್ನೂ ಮುಗಿಸದೆ ಉಳಿದ ಕಾಂಟ್ರ್ಯಾಕ್ಟುಗಳ ಎಣಿಕೆ) ಎಲ್ಲಾ ಸೇರಿ ಫುಲ್ ಮೋಡ್ ಅಂದ್ರೆ 184 ಬೈಟ್. ಎಲ್ಲದಕ್ಕೂ ಫುಲ್ ಮೋಡ್ ಹಾಕಿ ಲ್ಯಾಪ್‌ಟಾಪ್ ಫ್ಯಾನ್ ಕೂಗೋ ಹಂಗೆ ಮಾಡ್ಕೋಬೇಡಿ, ಆಡೋ ಕಾಂಟ್ರ್ಯಾಕ್ಟಿಗೆ ಮಾತ್ರ ಫುಲ್, ಉಳಿದಿದ್ದಕ್ಕೆ ಬರೀ ಕೋಟ್ ಸಾಕು. ಇನ್ನೊಂದು ಕಿರಿಕಿರಿ, ಎಪಿಐಗೆ ದಿನಾ ಬೆಳಗ್ಗೆ ಹೊಸದಾಗಿ ಲಾಗಿನ್ ಆಗ್ಬೇಕು, ಹಿಂದಿನ ದಿನದ ಟೋಕನ್ ನಡೆಯಲ್ಲ, 9:14ಕ್ಕೆ ಒಟಿಪಿ ಬರ್ಲಿಲ್ಲ ಅಂತ ಪರದಾಡೋದಕ್ಕಿಂತ ಎಂಟೂವರೆಗೇ ಮುಗಿಸಿ ತಿಂಡಿ ತಿನ್ನಿ.

ವೆಂಡರ್ ಕಡೆ ಬಂದ್ರೆ ದುಡ್ಡು ಜಾಸ್ತಿ, ಅದೂ ಬಿಡಿಬಿಡಿಯಾಗಿ. ಎನ್‌ಎಸ್‌ಇ ಕ್ಯಾಶ್ ಬೇರೆ, ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಬೇರೆ, ಎಂಸಿಎಕ್ಸ್ (ಕ್ರೂಡ್ ತರದ ಕಮಾಡಿಟಿ ಎಕ್ಸ್‌ಚೇಂಜ್) ಬೇರೆ, ಸಿಂಬಲ್ ಮಿತಿ ಬೇರೆ, ಕೊನೆಗೆ ಶೇಕಡಾ 18 ಜಿಎಸ್‌ಟಿ. ವೆಬ್‌ಸೈಟಲ್ಲಿ ದೊಡ್ಡಕ್ಷರದಲ್ಲಿ ಕಾಣೋ ರೇಟು ಒಂದು ಸೆಗ್ಮೆಂಟಿಂದು ಮಾತ್ರ ಇರುತ್ತೆ, ನಿಮಗೆ ಬೇಕಾದ್ದೆಲ್ಲ ಟಿಕ್ ಹಾಕಿ ಕಾರ್ಟಲ್ಲಿ ಬರೋ ಒಟ್ಟು ಮೊತ್ತ ಬರ್ಕೊಂಡು ಅದನ್ನ ಹೋಲಿಸಿ. ಹಂಗಿದ್ದೂ ಯಾಕೆ ಕೊಳ್ತಾರೆ ಅಂದ್ರೆ ಆಮಿಬ್ರೋಕರಿಗೆ ನೇರ ಪ್ಲಗಿನ್ ಇರುತ್ತೆ, ಹಳೇ ಡೇಟಾ ತಾನೇ ತುಂಬಿಕೊಳ್ಳುತ್ತೆ, ಬ್ರೋಕರ್ ಸರ್ವರ್ ಬಿದ್ದಾಗ ಇದು ನಡೀತಿರುತ್ತೆ. ನನ್ನ ಪ್ರಕಾರ ಆ ಮೂರನೇದಕ್ಕೇ ದುಡ್ಡು ಕೊಡಬಹುದು.

ಈಗ ಪರೀಕ್ಷೆ. ಇದನ್ನ ನಾನು ಹೇಗೆ ಮಾಡ್ತೀನಿ ಹೇಳ್ತೀನಿ, ನಗಬೇಡಿ. ಎರಡು ಲ್ಯಾಪ್‌ಟಾಪ್ ಒಂದೇ ಟೇಬಲ್ ಮೇಲೆ, ಒಂದೇ ವೈಫೈ, ಎರಡರಲ್ಲೂ ಅದೇ ಕಾಂಟ್ರ್ಯಾಕ್ಟಿನ ಕೋಟ್ ವಿಂಡೋ ದೊಡ್ಡದು ಮಾಡಿ ಇಟ್ಟು, ಮೊಬೈಲನ್ನ ಸ್ಟೀಲ್ ಲೋಟಕ್ಕೆ ಒರಗಿಸಿ ಸ್ಲೋ ಮೋಷನ್ ವಿಡಿಯೋ ಹಾಕ್ತೀನಿ. ಎರಡು ನಿಮಿಷ ಸಾಕು. ಆಮೇಲೆ ನಿಧಾನಕ್ಕೆ ತಳ್ಳಿ ನೋಡಿದ್ರೆ, ಎಡಗಡೆ ರೇಟು ಬದಲಾಗಿ ಎಷ್ಟು ಹೊತ್ತಿಗೆ ಬಲಗಡೆ ಅದೇ ರೇಟು ಬಂತು, ಒಂದು ನಿಮಿಷದಲ್ಲಿ ಯಾವುದು ಎಷ್ಟು ಸಲ ಬದಲಾಯ್ತು, ಎಡಗಡೆ ಬಂದ ಯಾವ ರೇಟು ಬಲಗಡೆ ಬರಲೇ ಇಲ್ಲ, ಎಲ್ಲಾ ಎಣಿಸಬಹುದು. ವಿಡಿಯೋ ತೆಗೆಯೋ ಹೊತ್ತು ಮುಖ್ಯ, ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲಾ ಫೀಡೂ ಚೆನ್ನಾಗೇ ಇರುತ್ತೆ, ಊಟದ ಹೊತ್ತಲ್ಲಿ ಯಾವ ಕುದುರೆಯಾದ್ರೂ ನಿಂತಿರುತ್ತೆ. ನಿಫ್ಟಿಗೆ 9:15 ರಿಂದ 9:20, ಆರ್‌ಬಿಐ ಪಾಲಿಸಿ ದಿನ ಬೆಳಗ್ಗೆ 10ಕ್ಕೆ. ಕ್ರೂಡಿಗೆ ಬುಧವಾರ ರಾತ್ರಿ, ಅಮೆರಿಕದ ಇಐಎ ತೈಲ ದಾಸ್ತಾನು ವರದಿ ಬರೋ ಹೊತ್ತು, ಅಲ್ಲಿ ಬೆಳಗ್ಗೆ 10:30, ನಮಗೆ ಬೇಸಿಗೆ ಕಾಲದ ಲೆಕ್ಕದಲ್ಲಿ ರಾತ್ರಿ 8, ಚಳಿಗಾಲದಲ್ಲಿ 9. ಆ ಎರಡು ನಿಮಿಷ ತಡ್ಕೊಂಡ ಫೀಡು ಉಳಿದ ದಿನ ಕೈ ಕೊಡೋದು ಕಮ್ಮಿ.

ಟೈಮ್ ಅಳೆಯೋಕೆ ಹೋಗೋರಿಗೆ ಒಂದು ಕಿವಿಮಾತು. ಪ್ಯಾಕೆಟಲ್ಲಿರೋ ಎಕ್ಸ್‌ಚೇಂಜ್ ಟೈಮನ್ನ ನಮ್ಮ ಕಂಪ್ಯೂಟರ್ ಗಡಿಯಾರದಿಂದ ಕಳೆದು "ನನ್ನ ಫೀಡ್ 300 ಮಿಲಿಸೆಕೆಂಡ್ ಲೇಟು" ಅಂತ ಹೇಳೋರಿದಾರೆ, ಆದ್ರೆ ಕೈಟ್ ತರದ ಫೀಡಲ್ಲಿ ಆ ಟೈಮ್ ಬರೋದೇ ಪೂರ್ತಿ ಸೆಕೆಂಡ್ ಲೆಕ್ಕದಲ್ಲಿ, ಮಿಲಿಸೆಕೆಂಡ್ ಎಲ್ಲಿಂದ ಬಂತು? ಮೇಲಾಗಿ ವಿಂಡೋಸ್ ಗಡಿಯಾರವೇ ಒಂದೆರಡು ಸೆಕೆಂಡ್ ಆಚೀಚೆ ಇರುತ್ತೆ, ಅದನ್ನ ಮೊದಲು ಇಂಟರ್ನೆಟ್ ಟೈಮಿಗೆ ಸಿಂಕ್ ಮಾಡಿ. 2 ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಬಂದು ಅದು ಬೆಳೀತಾನೇ ಹೋದ್ರೆ ಮಾತ್ರ ತಲೆ ಕೆಡಿಸ್ಕೊಳ್ಳಿ. ಅದು ಹೆಚ್ಚಿನ ಸಲ ಫೀಡಿನ ತಪ್ಪೂ ಅಲ್ಲ. ನಿಮ್ಮ ಕೋಡ್ ಪ್ರತಿ ಟಿಕ್ ಬಂದಾಗ ಅಲ್ಲೇ ಕೂತು ಡೇಟಾಬೇಸಿಗೆ ಬರೀತಿರುತ್ತೆ, ಅಷ್ಟರಲ್ಲಿ ಹಿಂದೆ ಇನ್ನೂ ನೂರು ಪ್ಯಾಕೆಟ್ ಕ್ಯೂ ನಿಂತಿರ್ತವೆ, ವೆಬ್‌ಸಾಕೆಟಲ್ಲಿ (ಎಪಿಐ ಡೇಟಾ ಹರಿದು ಬರೋ ಸಂಪರ್ಕ) ಪ್ಯಾಕೆಟ್ ಕಳೆದು ಹೋಗಲ್ಲ, ತಡವಾಗಿ ಬರ್ತವೆ, ಹಂಗಾಗಿ ನೀವು ನೋಡ್ತಿರೋದು 20 ಸೆಕೆಂಡ್ ಹಳೇ ಮಾರ್ಕೆಟ್ಟು ಅಂತ ನಿಮಗೆ ಗೊತ್ತೇ ಆಗಲ್ಲ. ಟಿಕ್ ಬಂದ ತಕ್ಷಣ ಒಂದು ಕ್ಯೂಗೆ ಹಾಕಿ ಕೈ ತೊಳ್ಕೊಳ್ಳಿ, ಬರೆಯೋ ಕೆಲಸ ಬೇರೆ ಥ್ರೆಡ್ ಮಾಡ್ಲಿ.

ಆದ್ರೆ ನನಗೆ ಅತಿ ಹೆಚ್ಚು ಪೆಟ್ಟು ಕೊಟ್ಟಿದ್ದು ಲೇಟಾದ ಫೀಡಲ್ಲ, ನಿಂತು ಹೋದ ಫೀಡು. ಒಂದು ಬುಧವಾರ ರಾತ್ರಿ ಕ್ರೂಡ್ ಒಂದು ಲಾಟ್ ಶಾರ್ಟ್ ಇದ್ದೆ (ಮೊದಲು ಮಾರಿ, ರೇಟು ಇಳಿದ ಮೇಲೆ ಕೊಳ್ಳೋ ಆಟ), 100 ಬ್ಯಾರೆಲ್, ಅಂದ್ರೆ ಒಂದು ರೂಪಾಯಿ ಅಲ್ಲಾಡಿದ್ರೆ ನನಗೆ ನೂರು ರೂಪಾಯಿ. ವರದಿ ಬಂತು, ಸ್ಕ್ರೀನಲ್ಲಿ ರೇಟು ಅಲ್ಲಾಡ್ಲಿಲ್ಲ, ಕೆಳಗೆ ಕನೆಕ್ಟೆಡ್ ಅಂತ ಹಸಿರು ಬೊಟ್ಟು ಬೇರೆ, ಮಾರ್ಕೆಟ್ ಈ ಸಲ ಶಾಂತವಾಗಿದೆ ಅನ್ಕೊಂಡು ಅಡುಗೆಮನೆಗೆ ಹೋಗಿ ಮಜ್ಜಿಗೆ ಕುಡ್ಕೊಂಡು ಬಂದೆ. ಮೊಬೈಲಲ್ಲಿ ನೋಡಿದ್ರೆ 38 ರೂಪಾಯಿ ಮೇಲೆ ಹೋಗಿದೆ. 3800. ಆ ವೆಂಡರ್ ಹೆಸರು ಬೇಡ, ಅವರ ಕಡೆಯವರು ಆಮೇಲೆ "ರೀಸ್ಟಾರ್ಟ್ ಮಾಡಿ ಸರ್" ಅಂದ್ರು ಅಷ್ಟೆ. ಸ್ಟಾಪ್‌ಲಾಸ್ ಎಕ್ಸ್‌ಚೇಂಜಲ್ಲಿ ಹಾಕದೆ "ಸ್ಕ್ರೀನ್ ನೋಡ್ಕೊಂಡಿರ್ತೀನಿ" ಅಂತ ಕೂತಿದ್ದು ನನ್ನ ದಡ್ಡತನ, ಅದನ್ನೂ ಒಪ್ಕೋತೀನಿ.

ಅದಕ್ಕೇ ಫೀಡ್ ಹೋಲಿಸೋವಾಗ, ನಿಂತಾಗ ಅದು ಹೇಳುತ್ತಾ ಅನ್ನೋದನ್ನ ವೇಗಕ್ಕಿಂತ ಮೇಲೆ ಇಟ್ಟು ನೋಡಿ. ಪರೀಕ್ಷೆ ಸುಲಭ, ಮಾರ್ಕೆಟ್ ನಡೀತಿರೋವಾಗ ವೈಫೈ ರೂಟರ್ ಆಫ್ ಮಾಡಿ ಒಂದು ನಿಮಿಷ ಬಿಟ್ಟು ಆನ್ ಮಾಡಿ. ರೇಟು ಬೂದು ಬಣ್ಣಕ್ಕೆ ತಿರುಗಿತಾ, ಸದ್ದು ಮಾಡ್ತಾ, ಎಷ್ಟು ಸೆಕೆಂಡಲ್ಲಿ ಮತ್ತೆ ತಾನೇ ಜೋಡಣೆ ಆಯ್ತು, ಆ ಒಂದು ನಿಮಿಷದ ಕ್ಯಾಂಡಲ್ ಆಮೇಲೆ ತುಂಬಿಕೊಂಡಿತಾ ಇಲ್ಲ ಚಾರ್ಟಲ್ಲಿ ಹಲ್ಲು ಬಿದ್ದ ಹಂಗೆ ಹಾಗೇ ಉಳೀತಾ? ಸ್ವಂತ ಕೋಡ್ ಇದ್ರೆ, ಕೊನೇ ಟ್ರೇಡ್ ಟೈಮ್ 10 ಸೆಕೆಂಡಿಗಿಂತ ಹಳೇದಾದ್ರೆ ಕಿರುಚೋ ಒಂದು ಅಲಾರಂ ಹಾಕಿ. ಹತ್ತಿರದ ತಿಂಗಳ ನಿಫ್ಟಿ ಫ್ಯೂಚರ್ಸಲ್ಲಿ 10 ಸೆಕೆಂಡ್ ಟ್ರೇಡೇ ಆಗದೆ ಇರೋದು ನಡೆಯೋ ಮಾತಲ್ಲ, ದೂರದ ತಿಂಗಳಲ್ಲಿ ಮಾತ್ರ ಆ ಸಂಖ್ಯೆ ಜಾಸ್ತಿ ಇಡಿ, ಅಲ್ಲಿ ನಿಜವಾಗ್ಲೂ ಟ್ರೇಡ್ ಇರಲ್ಲ.

ನಿಲ್ಲೋದು ಬ್ರೋಕರ್, ವೆಂಡರ್‌ಗಳದ್ದೇ ಅಂತಲ್ಲ. 2021ರ ಫೆಬ್ರವರಿ 24 ನೆನಪಿದೆಯಲ್ಲ, ಎನ್‌ಎಸ್‌ಇದೇ ಟೆಲಿಕಾಂ ಲಿಂಕ್ ಕೆಟ್ಟು 11:40ಕ್ಕೆ ಟ್ರೇಡಿಂಗ್ ನಿಲ್ಲಿಸಿ ಆಮೇಲೆ 3:45ಕ್ಕೆ ಶುರು ಮಾಡಿ 5ರ ತನಕ ನಡೆಸಿದ್ರು. ಅವತ್ತು ಟ್ರೇಡಿಂಗ್ ನಿಲ್ಲೋದಕ್ಕೆ ತುಂಬಾ ಮೊದಲೇ ನಿಫ್ಟಿ ಇಂಡೆಕ್ಸ್ ಸಂಖ್ಯೆ ಅಲ್ಲಾಡೋದು ನಿಲ್ಲಿಸಿತ್ತು, ಫ್ಯೂಚರ್ಸ್ ಮಾತ್ರ ನಡೀತಿತ್ತು. ಸ್ಪಾಟ್, ಅಂದ್ರೆ ಇಂಡೆಕ್ಸ್, ನೋಡಿ ಫ್ಯೂಚರ್ಸ್ ಆಡೋರ ಪಾಡು ಯೋಚಿಸಿ, ಎರಡರ ನಡುವಿನ ಪ್ರೀಮಿಯಂ ಹುಚ್ಚುಹುಚ್ಚಾಗಿ ಕಾಣ್ತಿತ್ತು. ಅಂಥ ದಿನ ಯಾವ ಫೀಡ್ ಬದಲಾಯಿಸಿದ್ರೂ ಉಪಯೋಗ ಇಲ್ಲ, ಮೂಲದಲ್ಲೇ ನೀರಿಲ್ಲ.

ಹಳೇ ಡೇಟಾ ಅಂದ್ನಲ್ಲ, ಅದನ್ನ ಭಾವ್‌ಕಾಪಿ (ದಿನದ ರೇಟುಗಳ ಅಧಿಕೃತ ಪಟ್ಟಿ) ಜೊತೆ ತಾಳೆ ನೋಡಿ. ಎಕ್ಸ್‌ಚೇಂಜ್ ದಿನಾ ಸಂಜೆ ಪುಕ್ಕಟೆ ಹಾಕುತ್ತೆ. ಓಪನ್, ಹೈ, ಲೋ, ಓಐ ಹೊಂದಬೇಕು. ಕ್ಲೋಸ್ ಮಾತ್ರ ಹೊಂದಲ್ಲ, ಗಾಬರಿ ಬೇಡ, ಅಲ್ಲಿರೋದು ಕೊನೇ ಅರ್ಧ ಗಂಟೆಯ ಸರಾಸರಿ ಲೆಕ್ಕ, ನಿಮ್ಮ ಚಾರ್ಟಲ್ಲಿರೋದು 3:30ರ ಕೊನೇ ಟ್ರೇಡು. ವಾಲ್ಯೂಮ್ ಒಂದು ಕಡೆ ಲಾಟ್ ಲೆಕ್ಕ ಇನ್ನೊಂದು ಕಡೆ ಬಿಡಿ ಲೆಕ್ಕ ಇರಬಹುದು, ಲಾಟ್ ಸೈಜಿಂದ ಭಾಗಿಸಿ ನೋಡಿ. ಮತ್ತೆ ಕಂಟಿನ್ಯುಯಸ್ ಚಾರ್ಟ್, ಅಂದ್ರೆ ಒಂದು ತಿಂಗಳ ಕಾಂಟ್ರ್ಯಾಕ್ಟ್ ಮುಗಿದ ಮೇಲೆ ಮುಂದಿನದನ್ನ ಜೋಡಿಸ್ತಾ ಹೋಗೋದು. ವೆಂಡರ್‌ಗಳು ನಿಫ್ಟಿ ಪಕ್ಕ ರೋಮನ್ ಒಂದು, ಎರಡು, ಮೂರು ಅಂತ ಹಾಕಿ ಈ ತಿಂಗಳು, ಮುಂದಿನದು, ಅದರ ಮುಂದಿನದು ಅಂತ ಕೊಡ್ತಾರೆ. ಎಕ್ಸ್‌ಪೈರಿ (ಕಾಂಟ್ರ್ಯಾಕ್ಟಿನ ಕೊನೇ ದಿನ) ಆದ ಮಾರನೇ ದಿನ ಅದು ಹೊಸ ತಿಂಗಳಿಗೆ ಹಾರುತ್ತೆ, ಆಗ ಬರೋ ಗ್ಯಾಪು ನಿಜವಾದ ಗ್ಯಾಪಲ್ಲ, ಎರಡು ಕಾಂಟ್ರ್ಯಾಕ್ಟಿನ ರೇಟಿನ ವ್ಯತ್ಯಾಸ. ಬ್ಯಾಕ್‌ಟೆಸ್ಟಲ್ಲಿ (ಹಳೇ ಡೇಟಾ ಮೇಲೆ ಸಿಸ್ಟಂ ಓಡಿಸಿ ನೋಡೋದು) ಅದನ್ನೇ ಲಾಭ ಅಂತ ಎಣಿಸಿ ಖುಷಿ ಪಟ್ಟೋರು ಕಮ್ಮಿ ಇಲ್ಲ. 2025ರ ಸೆಪ್ಟೆಂಬರಿಂದ ನಿಫ್ಟಿ ಎಕ್ಸ್‌ಪೈರಿ ಗುರುವಾರ ಬಿಟ್ಟು ಮಂಗಳವಾರ ಆಗಿದೆ, ನಿಮ್ಮ ಫೀಡೂ ನಿಮ್ಮ ಹಳೇ ಕೋಡೂ ಇದನ್ನ ಸರಿಯಾಗಿ ತಗೊಂಡಿವೆಯಾ ನೋಡ್ಕೊಳ್ಳಿ.

ವಿಚಿತ್ರ ರೇಟು ಬಂದ್ರೆ ಏನು ಮಾಡುತ್ತೆ ಅನ್ನೋದೂ ಒಂದು. 2020ರ ಏಪ್ರಿಲ್ 20ಕ್ಕೆ ಅಮೆರಿಕದಲ್ಲಿ ಕ್ರೂಡ್ ಮೈನಸ್ 37.63 ಡಾಲರಲ್ಲಿ ದಿನ ಮುಗಿಸ್ತು, ಎಂಸಿಎಕ್ಸಲ್ಲಿ ಅವತ್ತು ಕೋವಿಡ್ ಅಂತ ಸಂಜೆ 5ಕ್ಕೇ ಬಾಗಿಲು ಹಾಕಿದ್ರು, ಕೊನೇ ಟ್ರೇಡ್ 965 ರೂಪಾಯಿ, ಸೆಟ್ಲ್‌ಮೆಂಟ್ ಆಗಿದ್ದು ಮೈನಸ್ 2884. ರೇಟು ಸೊನ್ನೆಗಿಂತ ಕೆಳಗೆ ಹೋಗಲ್ಲ ಅಂತ ನಂಬಿ ಬರೆದ ಸಾಫ್ಟ್‌ವೇರ್‌ಗಳು ಜಗತ್ತಿನ ತುಂಬ ಅವತ್ತು ಪೇಚಾಡಿದ್ವು. ನಿಮ್ಮ ಕೋಡಲ್ಲಿ "ರೇಟು ಸೊನ್ನೆಗಿಂತ ಕಮ್ಮಿ ಇದ್ರೆ ಕಸ, ಬಿಸಾಕು" ಅಂತ ಇದ್ರೆ, ಕಮಾಡಿಟಿಗೆ ಅದನ್ನ ತೆಗೀರಿ.

ಟೆಲಿಗ್ರಾಂನಲ್ಲಿ ಅಗ್ಗಕ್ಕೆ ಡೇಟಾ ಮಾರೋರ ಹತ್ರ ಹೋಗಲೇಬೇಡಿ. ಯಾರದ್ದೋ ಬ್ರೋಕರ್ ಲಾಗಿನ್ನಿಂದ ಕದ್ದು ಹಂಚೋದು ಅದು, ಯಾವತ್ತು ನಿಲ್ಲುತ್ತೋ ಗೊತ್ತಿಲ್ಲ, ಕೆಲವರು ನಿಮ್ಮ ಲಾಗಿನ್ನೇ ಕೇಳ್ತಾರೆ, ಕೊಟ್ರೆ ಮುಂದಿನ ಕಳ್ಳಮಾಲು ನಿಮ್ಮದು.

ಗಿಫ್ಟ್ ನಿಫ್ಟಿ ಬೆಳಗ್ಗೆ ನೋಡೋ ಅಭ್ಯಾಸ ಇರೋರು ಒಂದು ಗಮನಿಸಿ, ಅದು ಬೇರೆ ಎಕ್ಸ್‌ಚೇಂಜಲ್ಲಿ ನಡೆಯೋ ನಿಫ್ಟಿ ಫ್ಯೂಚರ್ಸು, 2023ರ ಜುಲೈನಲ್ಲಿ ಸಿಂಗಪುರದಿಂದ ಗುಜರಾತಿನ ಗಿಫ್ಟ್ ಸಿಟಿಗೆ ಬಂದಿದ್ದು, ಎನ್‌ಎಸ್‌ಇ ಪ್ಯಾಕಲ್ಲಿ ತಾನಾಗೇ ಸೇರಿರುತ್ತೆ ಅನ್ಕೋಬೇಡಿ, ಕೇಳಿ ತಗೊಳ್ಳಿ. ಅಮೆರಿಕದಲ್ಲಿದ್ದು ಸಿಎಂಇ (ಷಿಕಾಗೋ ಎಕ್ಸ್‌ಚೇಂಜ್) ಫ್ಯೂಚರ್ಸ್ ಆಡೋ ನಮ್ಮೋರಿಗೆ ಕಥೆನೇ ಬೇರೆ, ಅಲ್ಲಿ ರಿಥ್ಮಿಕ್ ತರದ ಫೀಡಲ್ಲಿ ಒಂದೊಂದು ಆರ್ಡರೂ ಬಿಡಿಬಿಡಿಯಾಗಿ ರೀಟೇಲ್‌ನೋರಿಗೂ ಸಿಗುತ್ತೆ, ನಾನ್-ಪ್ರೊಫೆಷನಲ್ ಅಂತ ಸಹಿ ಹಾಕಿದ್ರೆ ಎಕ್ಸ್‌ಚೇಂಜ್ ಫೀಸೂ ಕಮ್ಮಿ. ಫುಟ್‌ಪ್ರಿಂಟ್ ವಿಡಿಯೋಗಳೆಲ್ಲ ಅಲ್ಲಿನ ಡೇಟಾ ಮೇಲೆ ಮಾಡಿದ್ದು, ಅದನ್ನ ನೋಡಿ ಇಲ್ಲಿ ಅದೇ ಸಿಗುತ್ತೆ ಅನ್ಕೊಂಡ್ರೆ ನಿರಾಸೆ.

ಕೊಳ್ಳೋವಾಗ ವರ್ಷದ ಪ್ಲಾನ್ ಮೇಲೆ ರಿಯಾಯಿತಿ ತೋರಿಸ್ತಾರೆ, ಮೊದಲ ಸಲ ತಿಂಗಳದ್ದೇ ತಗೊಳ್ಳಿ, ಟ್ರಯಲ್ ಇದ್ರೆ ಅದನ್ನ ಸೋಮವಾರ ಶುರು ಮಾಡಿ, ಐದು ಓಪನಿಂಗು ಮತ್ತೆ ಒಂದು ಬುಧವಾರ ರಾತ್ರಿ ಸಿಗುತ್ತೆ, ಶನಿವಾರ ಶುರು ಮಾಡಿದ್ರೆ ಎರಡು ದಿನ ಸುಮ್ನೆ ಹೋಯ್ತು. ಅತ್ತೆ ಮಗ ಶನಿವಾರವೇ ಶುರು ಮಾಡಿದಾನೆ, ನಿನ್ನೆ ರಾತ್ರಿ ವಿಡಿಯೋ ಕಳಿಸಿದ್ದ, ಲ್ಯಾಪ್‌ಟಾಪ್ ಎರಡೂ ಕಾಣ್ತಿವೆ, ಒಂದರಲ್ಲಿ ಈ ತಿಂಗಳ ಕಾಂಟ್ರ್ಯಾಕ್ಟು, ಇನ್ನೊಂದರಲ್ಲಿ ಮುಂದಿನ ತಿಂಗಳದ್ದು.